ಬೊಜ್ಜಿನಿಂದ ಮೂತ್ರಪಿಂಡಕ್ಕೆ ಅಪಾಯ: ನಡಿಗೆಯೇ ರಕ್ಷಣೆ

ಬೊಜ್ಜು ಎಂದಾಕ್ಷಣ ನೆನಪಾಗುವುದು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು. ಮೂತ್ರಪಿಂಡದ ನೆನಪಾಗುವುದು ಕಡಿಮೆ. ಆದರೆ ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಅತಿಯಾದ ಬೊಜ್ಜು ಮೂತ್ರಪಿಂಡವನ್ನು ಕೆಡಿಸಬಲ್ಲದು. 2017ರ ವಿಶ್ವ ಮೂತ್ರಪಿಂಡ ದಿನದ ವಿಷಯವೇ ಇದಾಗಿತ್ತು.

ಹಾನಿ ಹೇಗಾಗುತ್ತದೆ?

ಪ್ರತಿ ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳಿವೆ. ಎರಡೂ ಮೂತ್ರಪಿಂಡಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಹೆಚ್ಚಿನದನ್ನು ರಕ್ತಕ್ಕೆ ಮರಳಿಸುತ್ತವೆ. ದೇಹ ದಪ್ಪವಾದಂತೆ ಜರಡಿಗಳ ಸಂಖ್ಯೆ ಹೆಚ್ಚುವುದಿಲ್ಲ. ಇರುವವೇ ಹೆಚ್ಚು ದುಡಿಯಬೇಕಾಗುತ್ತದೆ. ಒಳಗಿನ ಒತ್ತಡ ಏರಿ ಅವು ಹಿಗ್ಗುತ್ತವೆ. ಆಗ ಅಲ್ಬುಮಿನ್ ಎಂಬ ಪ್ರೊಟೀನ್ ಮೂತ್ರದಲ್ಲಿ ಸೋರತೊಡಗುತ್ತದೆ. ಈ ಹಂತದಲ್ಲಿ ನೋವಿರುವುದಿಲ್ಲ. ರಕ್ತದಲ್ಲಿ ಕ್ರಿಯಾಟಿನಿನ್ ಏರುವ ಹೊತ್ತಿಗೆ ಅರ್ಧದಷ್ಟು ಸಾಮರ್ಥ್ಯ ಹೋಗಿರಬಹುದು. ಹಾಳಾದ ಜರಡಿ ಮತ್ತೆ ಹುಟ್ಟುವುದಿಲ್ಲ.

ವ್ಯಾಯಾಮದಿಂದ ಏನು ಲಾಭ?

ಬಿರುಸಿನ ನಡಿಗೆ, ಸೈಕಲ್, ಈಜು ಮುಂತಾದ ಏರೋಬಿಕ್ ವ್ಯಾಯಾಮಗಳಿಂದ ರಕ್ತದೊತ್ತಡ ಇಳಿಯುತ್ತದೆ, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ, ಹೊಟ್ಟೆಯೊಳಗಿನ ಕೊಬ್ಬು ಕರಗುತ್ತದೆ. ತೂಕ ಹೆಚ್ಚು ಇಳಿಯದಿದ್ದರೂ ಈ ಲಾಭಗಳು ಸಿಗುತ್ತವೆ. ಬೊಜ್ಜಿನ ಇಲಿಗಳನ್ನು ಓಡಿಸಿ ನಡೆಸಿದ ಪ್ರಯೋಗಗಳಲ್ಲಿ ಮೂತ್ರಪಿಂಡದ ಹಾನಿ ಕಡಿಮೆಯಾದದ್ದು ಕಂಡುಬಂದಿದೆ. ಮನುಷ್ಯರಲ್ಲಿ ತೂಕ ಇಳಿದಾಗ ಪ್ರೊಟೀನ್ ಸೋರಿಕೆ ತಗ್ಗುತ್ತದೆ.

ಯುನಾನಿ ವೈದ್ಯಪದ್ಧತಿಯು ಆರೋಗ್ಯಕ್ಕೆ ಅನಿವಾರ್ಯವೆಂದು ಹೇಳುವ ಆರು ಅಂಶಗಳಲ್ಲಿ ದೇಹದ ಚಲನೆ ಮತ್ತು ವಿಶ್ರಾಂತಿಯೂ ಒಂದು. ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ವ್ಯಾಯಾಮ, ಅಂದರೆ ರಿಯಾಝತ್ ಬಗ್ಗೆ ವಿವರವಾಗಿ ಬರೆದಿದ್ದಾರೆ.

ಎಷ್ಟು, ಹೇಗೆ?

ವಾರಕ್ಕೆ ಕನಿಷ್ಠ 150 ನಿಮಿಷ, ಅಂದರೆ ವಾರದಲ್ಲಿ ಐದು ದಿನ ಅರ್ಧ ಗಂಟೆ. ನಡೆಯುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ. ಅಭ್ಯಾಸವಿಲ್ಲದವರು 10 ನಿಮಿಷದಿಂದ ಆರಂಭಿಸಲಿ. ಹೊರಗೆ ಹೋಗಲು ಅನುಕೂಲವಿಲ್ಲದ ಮಹಿಳೆಯರಿಗೆ ಮನೆಯ ತಾರಸಿಯೂ ಸಾಕು. ಹೃದ್ರೋಗ ಅಥವಾ ಮೂತ್ರಪಿಂಡದ ಕಾಯಿಲೆ ಈಗಾಗಲೇ ಇರುವವರು ಮೊದಲು ವೈದ್ಯರನ್ನು ಕೇಳಬೇಕು.

ಗಮನಿಸಬೇಕಾದ ಅಂಶಗಳು

• ಸೊಂಟದ ಸುತ್ತಳತೆ ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂಟಿಮೀಟರ್ ದಾಟಿದ್ದರೆ ಎಚ್ಚರ ವಹಿಸಿ.

• ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಪರೀಕ್ಷೆ ಮಾಡಿಸಿ. ಅದು 30 ಮಿಲಿಗ್ರಾಂಗಿಂತ ಕಡಿಮೆ ಇರಬೇಕು. ಕಠಿಣ ವ್ಯಾಯಾಮ ಮಾಡಿದ ದಿನ ಈ ಪರೀಕ್ಷೆ ಬೇಡ. ಅಂಕಿ ತಾತ್ಕಾಲಿಕವಾಗಿ ಏರಿರುತ್ತದೆ.

• ತೂಕ ಇಳಿಸುವ ಪುಡಿ, ಮಾತ್ರೆಗಳನ್ನು ಗಿಡಮೂಲಿಕೆ ಎಂಬ ಕಾರಣಕ್ಕೇ ನಂಬಬೇಡಿ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ಅರಿಸ್ಟೊಲೋಕಿಯಾ ಎಂಬ ಗಿಡ ಬೆರೆತಿದ್ದ ಅಂಥ ಔಷಧಿಯಿಂದ ಅನೇಕ ಮಹಿಳೆಯರ ಮೂತ್ರಪಿಂಡಗಳೇ ವಿಫಲವಾದವು. ಮೂತ್ರಪಿಂಡ ಉಳಿಸಲು ಹೊರಟು ಅದನ್ನೇ ಕಳೆದುಕೊಳ್ಳುವಂತಾಗಬಾರದು.