ಚಾಲನಾ ಪರೀಕ್ಷೆಗೆ ಸಾಕ್ಷಿ ಯಾರು?

ಕೆಎ 21 ಎಂಬ ಫಲಕವನ್ನು ಹೊತ್ತ ವಾಹನಗಳು ಸಂಪಾಜೆ ಘಾಟಿಯ ಬುಡದಿಂದ ತೊಡಗಿ ಸುಬ್ರಹ್ಮಣ್ಯದ ಕುಮಾರಧಾರೆಯ ದಡದವರೆಗೂ ಕಾಣಸಿಗುವುದಕ್ಕೆ ಕಾರಣ, ಪುತ್ತೂರು, ಸುಳ್ಯ ಹಾಗೂ ಇವೆರಡರಿಂದ ಬೇರ್ಪಟ್ಟು ತಾಲೂಕಾದ ಕಡಬ, ಈ ಮೂರು ಕಡೆಯ ಜನರೂ ವಾಹನದ ನೋಂದಣಿಗೂ ಚಾಲನಾ ಪರವಾನಗಿಗೂ ಪುತ್ತೂರಿನ ಸಹಾಯಕ ಪ್ರಾದೇಶಿಕ ಸಾರಿಗೆ ಕಚೇರಿಯನ್ನೇ ಆಶ್ರಯಿಸಿರುವುದು. ಒಂದು ದಿನದ ಕೂಲಿಯನ್ನು ಬಿಟ್ಟು, ಬೆಳಗಿನ ಬಸ್ಸು ಹಿಡಿದು, ಕಲಿಕಾ ಪರವಾನಗಿಯ (ಎಲ್.ಎಲ್.) ಪತ್ರವನ್ನು ಅಂಗಿಯ ಕಿಸೆಯಲ್ಲಿ ಮಡಿಸಿಟ್ಟುಕೊಂಡು ಬಂದವನ ಟೆಸ್ಟು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ; ಉತ್ತೀರ್ಣನಾದವನಿಗೆ ಆ ನಿಮಿಷಗಳ ಗೊಡವೆಯಿಲ್ಲ, ಅನುತ್ತೀರ್ಣನಾದವನಿಗಾದರೋ ತಾನು ಎಲ್ಲಿ ತಪ್ಪಿದೆನೆಂಬುದನ್ನು ಮರುದಿನ ತೋರಿಸಬಲ್ಲ ಸಾಧನವೊಂದೂ ಉಳಿದಿರುವುದಿಲ್ಲ. ಪರೀಕ್ಷಕನ ಕಣ್ಣು ಹಾಗೂ ಪರೀಕ್ಷಾರ್ಥಿಯ ನೆನಪು, ಇವೆರಡೇ ಅಲ್ಲಿಯ ಸಾಕ್ಷಿಗಳು.

ಲಿಖಿತ ಪರೀಕ್ಷೆಯ ಸ್ಥಿತಿ ಹೀಗಿಲ್ಲ. ಮೌಲ್ಯಮಾಪನವಾದ ಉತ್ತರಪತ್ರಿಕೆಯು ಮಾಹಿತಿ ಹಕ್ಕು ಅಧಿನಿಯಮದ ಅರ್ಥದಲ್ಲಿ ಮಾಹಿತಿಯೇ ಆಗಿದ್ದು, ಬರೆದ ವಿದ್ಯಾರ್ಥಿಗೆ ಅದನ್ನು ನೋಡುವ ಹಾಗೂ ಪ್ರತಿ ಪಡೆಯುವ ಅಧಿಕಾರವಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2011ರ ಆಗಸ್ಟ್ ತಿಂಗಳಿನಲ್ಲಿ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ನಿರ್ಣಯಿಸಿತು. ಉತ್ತರಪತ್ರಿಕೆಯನ್ನು ಕಾದಿಡಬೇಕಾದ ಅವಧಿ ಮುಗಿಯುವವರೆಗೆ ಮಾತ್ರ ಈ ಹಕ್ಕು ಎಂಬ ಮಿತಿಯನ್ನೂ ಅದೇ ತೀರ್ಪು ಹೇಳಿದೆ. ಚಾಲನಾ ಪರೀಕ್ಷೆಯಲ್ಲಿ ಉತ್ತರವನ್ನು ಬರೆಯುವುದು ಸ್ಟಿಯರಿಂಗಿನಿಂದ, ಕ್ಲಚ್ಚಿನಿಂದ. ಅದನ್ನು ಕಾಗದದಂತೆ ಉಳಿಸಬಲ್ಲದ್ದು ವಿಡಿಯೋ ಒಂದೇ. ಆದುದರಿಂದ ಪ್ರತಿಯೊಂದು ಪರೀಕ್ಷೆಯ ವಿಡಿಯೋ ಚಿತ್ರೀಕರಣ ಆಗಲೇಬೇಕೆಂಬುದು ನನ್ನ ಅಭಿಪ್ರಾಯ. ಇದರಿಂದ ಪರೀಕ್ಷಾರ್ಥಿಗೆ ಎಷ್ಟು ಲಾಭವೋ, ಸುಳ್ಳು ಆರೋಪಕ್ಕೆ ಗುರಿಯಾಗಬಹುದಾದ ಪ್ರಾಮಾಣಿಕ ನಿರೀಕ್ಷಕನಿಗೂ ಅಷ್ಟೇ ಲಾಭ.

ಪರೀಕ್ಷೆಯಲ್ಲಿ ನೋಡತಕ್ಕದ್ದೇನೆಂಬುದು ನಿರೀಕ್ಷಕನ ಮನೋಧರ್ಮಕ್ಕೆ ಬಿಟ್ಟ ವಿಷಯವಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೆಯ ನಿಯಮವು, ಹೊರಡುವ ಮುನ್ನ ಹಿನ್ನೋಟದ ಕನ್ನಡಿಯನ್ನು ಸರಿಪಡಿಸಿಕೊಳ್ಳುವುದು, ಇಳಿಜಾರಿನಲ್ಲಿ ಶೀಘ್ರವಾಗಿ ಕೆಳಗಿನ ಗೇರಿಗೆ ಬರುವುದು, ಕಡಿದಾದ ಏರಿನಲ್ಲಿ ನಿಲ್ಲಿಸಿದ ವಾಹನವನ್ನು ಹಿಂದಕ್ಕೆ ಜಾರಗೊಡದೆ ಪುನಃ ಹೊರಡಿಸುವುದು, ಮುಂದುಹಿಂದು ಚಲಿಸಿ ವಾಹನದ ಮುಖ ತಿರುಗಿಸುವುದು ಮುಂತಾದವುಗಳನ್ನು ಒಂದೊಂದಾಗಿ ಎಣಿಸಿ ಹೇಳುತ್ತದೆ. ಸಮತಟ್ಟು ಸೀಮೆಯವರಿಗೆ ಏರಿನ ಈ ಪರೀಕ್ಷೆ ಒಂದು ವಿಧಿಯಂತೆ ತೋರಿದರೂ ತೋರೀತು. ಮನೆಯ ಅಂಗಳದಿಂದ ಡಾಮರು ರಸ್ತೆಗೆ ಏರಬೇಕಾದರೇ ಹಾಫ್ ಕ್ಲಚ್ಚಿನ ವಿದ್ಯೆ ಬೇಕಾಗುವ ನಮ್ಮ ಗುಡ್ಡೆಗಾಡಿನಲ್ಲಿ ಅದು ಜೀವನ್ಮರಣದ ಪ್ರಶ್ನೆ. ಕಾರು ಜಾರಿತೋ ಇಲ್ಲವೋ ಎಂಬುದು ವಾದದಿಂದ ತೀರ್ಮಾನವಾಗುವ ವಿಷಯವಲ್ಲ, ಚಿತ್ರವನ್ನು ನೋಡಿದರೆ ತಾನಾಗಿ ತಿಳಿಯುವ ವಿಷಯ.

ಕಲಿಸುವವರ ಮಾತನ್ನೂ ಇಲ್ಲಿ ಹೇಳಬೇಕು. ಅದೇ ನಿಯಮಗಳ 24ನೆಯ ನಿಯಮದಂತೆ ಡ್ರೈವಿಂಗ್ ಸ್ಕೂಲಿನ ಶಿಕ್ಷಕನಿಗೆ 10ನೆಯ ತರಗತಿಯ ವಿದ್ಯೆ, 5 ವರ್ಷಗಳ ಚಾಲನಾನುಭವ ಹಾಗೂ ಮೋಟಾರು ಯಂತ್ರವಿಜ್ಞಾನದ ಪ್ರಮಾಣಪತ್ರ ಇರಬೇಕು. ಆದರೆ ತಾನು ಚೆನ್ನಾಗಿ ಓಡಿಸುವುದು ಒಂದು ವಿದ್ಯೆ; ಭಯದಿಂದ ಬೆವರುತ್ತಿರುವವನ ಪಕ್ಕದಲ್ಲಿ ಕುಳಿತು, ಜೋಡಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೂ ಅದನ್ನು ಒತ್ತದೆ ಅವನಿಂದಲೇ ಓಡಿಸುವುದು ಮತ್ತೊಂದು. ಈ ಎರಡನೆಯದಕ್ಕೆ ಸಾಕ್ಷ್ಯ ನುಡಿಯಬಲ್ಲದ್ದು ಪ್ರಮಾಣಪತ್ರವಲ್ಲ, ವಾಹನದೊಳಗಿನ ಕ್ಯಾಮೆರಾ. 2021ರ ಜುಲೈ 1ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ, ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರದಲ್ಲಿ ಲಘು ವಾಹನದ 29 ಗಂಟೆಗಳ ಶಿಕ್ಷಣವನ್ನು, ಅಂದರೆ 8 ಗಂಟೆ ಪಾಠ ಹಾಗೂ 21 ಗಂಟೆ ಪ್ರಾಯೋಗಿಕವನ್ನು, ಮುಗಿಸಿ ತೇರ್ಗಡೆಯಾದವನಿಗೆ ಸಾರಿಗೆ ಕಚೇರಿಯ ಟೆಸ್ಟಿನಿಂದ ವಿನಾಯಿತಿಯಿದೆ. ಕಲಿಸಿದವರೇ ಗೆದ್ದನೆಂದು ಸಾರುವಲ್ಲಿ ಚಿತ್ರೀಕರಣದ ಆವಶ್ಯಕತೆ ಇಮ್ಮಡಿ.

ಇನ್ನು ಅನುತ್ತೀರ್ಣನು ಮಾಡಬೇಕಾದುದೇನು? 1988ರ ಮೋಟಾರು ವಾಹನ ಅಧಿನಿಯಮದ 9ನೆಯ ಪ್ರಕರಣದಂತೆ 7 ದಿನಗಳ ಬಳಿಕ ಪುನಃ ಪರೀಕ್ಷೆಗೆ ಹಾಜರಾಗಬಹುದು. 3 ಸಲ ಸೋತರೆ 60 ದಿನ ಕಾಯಬೇಕು, 2019ರ ತಿದ್ದುಪಡಿಯ ಮೇರೆಗೆ ಪರಿಹಾರ ತರಬೇತಿಯನ್ನೂ ಪಡೆಯಬೇಕು. ನಿಜವಾಗಿ ತಪ್ಪಿದವನಿಗೆ ವ್ಯಾಜ್ಯಕ್ಕಿಂತ ಒಂದು ವಾರದ ಅಭ್ಯಾಸವೇ ಹಿತ. ಅನ್ಯಾಯವಾಯಿತೆಂಬ ದೃಢವಾದ ನಂಬಿಕೆಯಿದ್ದವನು ಪರವಾನಗಿ ನಿರಾಕರಣೆಯ ಆದೇಶವನ್ನು ಲಿಖಿತವಾಗಿ ಕೇಳತಕ್ಕದ್ದು. ಏಕೆಂದರೆ 17ನೆಯ ಪ್ರಕರಣವು ನಿರಾಕರಣೆಗೆ ಕಾರಣಗಳನ್ನು ಬರೆದು ತಿಳಿಸಬೇಕೆಂದು ವಿಧಿಸಿ, ಆ ಆದೇಶದ ವಿರುದ್ಧ 30 ದಿನಗಳೊಳಗೆ ಅಪೀಲು ಹೋಗುವ ಅವಕಾಶವನ್ನು ಕೊಟ್ಟಿದೆ. ವಿಡಿಯೋ ಈ ಆದೇಶಕ್ಕೆ ಪೂರಕವೇ ಹೊರತು ಅದರ ಬದಲಿಯಲ್ಲ.

ಸಾರಿಗೆ ಕಚೇರಿಯ ಆವರಣದಲ್ಲಿ ಕ್ಯಾಮೆರಾ ಇದ್ದಲ್ಲಿ ಅದರ ಪ್ರತಿಯನ್ನು ಮಾಹಿತಿ ಹಕ್ಕಿನ ಮೂಲಕ ಕೇಳಬಹುದು. ವಿದ್ಯುನ್ಮಾನ ರೂಪದ ಮಾಹಿತಿಯೂ ಆ ಅಧಿನಿಯಮದ ವ್ಯಾಪ್ತಿಯಲ್ಲಿದೆ. ನಮ್ಮ ರಾಜ್ಯದಲ್ಲಿ ಅರ್ಜಿಯ ಶುಲ್ಕ 10 ರೂಪಾಯಿ. ವಿಷಯ ಒಂದೇ ಇರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಉತ್ತರಕ್ಕೆ 30 ದಿನಗಳ ಅವಧಿಯುಂಟು, ಆದರೆ ಇಂತಹ ಕ್ಯಾಮೆರಾಗಳ ಹಳೆಯ ಚಿತ್ರದ ಮೇಲೆ ಹೊಸತು ಅಚ್ಚಾಗಿಬಿಡುವುದುಂಟು. ಹೀಗಾಗಿ ಪರೀಕ್ಷೆಯ ದಿನಾಂಕ, ವೇಳೆ ಹಾಗೂ ಅರ್ಜಿಸಂಖ್ಯೆಯನ್ನು ನಮೂದಿಸಿ, ಚಿತ್ರವನ್ನು ಅಳಿಸದೆ ಕಾಯ್ದಿರಿಸಬೇಕೆಂಬ ಪ್ರತ್ಯೇಕ ಮನವಿಯನ್ನು ಅದೇ ದಿನ ಸಲ್ಲಿಸುವುದು ಜಾಣತನ. ಕೇಳಬೇಕಾದುದು ತನ್ನ ಟೆಸ್ಟಿನದನ್ನು ಮಾತ್ರ. ಪಕ್ಕದೂರಿನವನು ಎಂಟು ಹಾಕುವಾಗ ಕಾಲೂರಿದ ದೃಶ್ಯದ ಮೇಲೆ ನಮಗೆ ಹಕ್ಕಿಲ್ಲ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ 2017ರ ಪುಟ್ಟಸ್ವಾಮಿ ತೀರ್ಪು ಸಾರಿದೆ.

ತಾನೇ ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಬಯಸುವವನು ಮೊದಲು ಅಧಿಕಾರಿಯ ಅನುಮತಿಯನ್ನು ಕೇಳಲಿ. ಓಡಿಸುತ್ತ ಕೈಯಲ್ಲಿ ಮೊಬೈಲು ಹಿಡಿಯುವುದು ಮೋಟಾರು ವಾಹನ ಅಧಿನಿಯಮದ 184ನೆಯ ಪ್ರಕರಣದಂತೆ ಸ್ವತಃ ಅಪರಾಧ. ತೆಗೆದ ಚಿತ್ರವನ್ನು ಕತ್ತರಿಸಬಾರದು, ವಾಟ್ಸಾಪಿನಲ್ಲಿ ಕಳುಹಿಸಿದ ಪ್ರತಿಯನ್ನಷ್ಟೇ ನೆಚ್ಚಿ ಮೂಲವನ್ನು ಅಳಿಸಬಾರದು; ಪ್ರತಿಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದ ಪ್ರಮಾಣಪತ್ರ ಬೇಕಾಗುತ್ತದೆ.

ಹಣ ಕೇಳಿದರೆ? ಭ್ರಷ್ಟಾಚಾರ ತಡೆ ಅಧಿನಿಯಮಕ್ಕೆ ಆದ 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವನೂ ಅಪರಾಧಿ. ಬಲವಂತಕ್ಕೆ ಮಣಿದು ಕೊಟ್ಟವನು 7 ದಿನಗಳೊಳಗೆ ಲೋಕಾಯುಕ್ತ ಪೊಲೀಸರಂತಹ ತನಿಖಾ ಸಂಸ್ಥೆಗೆ ತಿಳಿಸಿದರೆ ಮಾತ್ರ ರಕ್ಷಣೆ. ಬ್ರೋಕರನ ಮಾತಿಗೆ ತಲೆಯಾಡಿಸುವವರು ಇದನ್ನು ನೆನಪಿಡಬೇಕು.

ಕಚೇರಿಗೆ ಯಾವ ಮನವಿಯನ್ನು ಕೊಡುವುದಿದ್ದರೂ ಎರಡು ಪ್ರತಿ ಬರೆಯಿರಿ. ಒಂದರ ಮೇಲೆ ಸ್ವೀಕೃತಿಯ ಮೊಹರು, ದಿನಾಂಕ ಬಿದ್ದ ಮೇಲೆಯೇ ಊರಿನ ಬಸ್ಸು ಹತ್ತಿರಿ.