ಮದುವೆಗೆ ಮುನ್ನವೇ ಏಕೆ ಈ ಲಸಿಕೆ?

ಮದುವೆಯಾಗದ ಹುಡುಗಿಗೆ ಗರ್ಭಕಂಠದ ಕ್ಯಾನ್ಸರ್ ಲಸಿಕೆ ಏಕೆ ಎಂಬ ನಿಮ್ಮ ತಾಯಿಯ ಆಕ್ಷೇಪ ಸಹಜವೇ. ಆದರೆ ಅವರ ಲೆಕ್ಕ ತಲೆಕೆಳಗಾಗಿದೆ. ಈ ರೋಗದ ಸುಮಾರು ಶೇ 70ರಷ್ಟು ಪ್ರಕರಣಗಳಿಗೆ ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ವೈರಸ್ಸಿನ 16 ಮತ್ತು 18ನೇ ಬಗೆಗಳೇ ಕಾರಣ. ಲಸಿಕೆ ಹೊಸ ಸೋಂಕನ್ನು ತಡೆಯುತ್ತದೆ, ಆಗಲೇ ತಗುಲಿದ್ದನ್ನು ತೊಲಗಿಸದು. ಹಾಗಾಗಿ ಲೈಂಗಿಕ ಸಂಪರ್ಕಕ್ಕೆ ಮೊದಲೇ ಹಾಕಿಸಿಕೊಂಡರೆ ಲಾಭ ಹೆಚ್ಚು. ಇದರಲ್ಲಿ ನಡತೆಯ ಮಾತೆಲ್ಲಿ ಬಂತು? ಸೋಂಕು ಕಟ್ಟಿಕೊಂಡ ಗಂಡನಿಂದಲೂ ಬರಬಹುದು.

ಮುಂದೆ ಮಕ್ಕಳಾಗುವುದಿಲ್ಲ ಎಂಬ ಭಯಕ್ಕೆ ಆಧಾರವಿಲ್ಲ. ಲಸಿಕೆಯಲ್ಲಿರುವುದು ಜೀವಂತ ವೈರಸ್ ಅಲ್ಲ, ಅದರ ಹೊರಕವಚದಂಥ ಪ್ರೋಟೀನ್ ಅಷ್ಟೆ. ಖರ್ಚಿನ ಚಿಂತೆ ಮಾತ್ರ ನಿಜವಾದದ್ದು. ದೇಶೀಯ ಲಸಿಕೆ ಸರ್ವಾವ್ಯಾಕ್ ಬಗ್ಗೆ ವಿಚಾರಿಸಿ. ಎಷ್ಟು ಡೋಸ್ ಎಂಬುದನ್ನು ವೈದ್ಯರು ವಯಸ್ಸು ನೋಡಿ ಹೇಳುತ್ತಾರೆ. ಲಸಿಕೆ ವೈರಸ್ಸಿನ ಎಲ್ಲ ಬಗೆಗಳನ್ನೂ ತಡೆಯದು; 30 ದಾಟಿದ ಮೇಲೆ ತಪಾಸಣೆಯೂ ಬೇಕು. ತಾಯಿಯವರ ತಪಾಸಣೆ ಈಗಲೇ ಆಗಲಿ.