ಬಾಗಿಲು ಕಾಯುವ ಕ್ಯಾಮೆರಾ

ಚಿರಂಜೀವಿ ಮಗನಿಗೆ, ಕೊಪ್ಪದಿಂದ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಹಬ್ಬಕ್ಕೆ ಬಂದಾಗ ನೀನು ಮೊಬೈಲಿನಲ್ಲಿ ತೋರಿಸಿದ ಆ ಎಂಟು ಕ್ಯಾಮೆರಾದ ಪ್ಯಾಕೇಜು ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ಗೊಬ್ಬರದಂಗಡಿ ನಿನ್ನದು, ದುಡ್ಡೂ ನಿನ್ನದು, ಹೇಳೋಕೆ ನಾನ್ಯಾರು ಅಂತ ಸುಮ್ಮನಿದ್ದೆ. ಎಂಟರಲ್ಲಿ ಐದು ಕೆಲಸದ ಹುಡುಗರ ಕಡೆಗೇ ಮುಖ ಮಾಡಲಿವೆ ಎಂದು ನಿಮ್ಮಪ್ಪ ಹೇಳಿದ ಮೇಲೆ ಸುಮ್ಮನಿರೋದು ಕಷ್ಟವಾಯಿತು. ಬೆಂಗಳೂರಿನಲ್ಲಿ ಕೂತು, ಕೊಪ್ಪದಲ್ಲಿ ಯಾರು ಟೀ ಕುಡಿಯೋಕೆ ಎಷ್ಟು ಹೊತ್ತು ಹೋದರು ಅಂತ ನೋಡೋದೂ ಒಂದು ವ್ಯಾಪಾರವೇನಪ್ಪ?

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮದ್ದೂರು ಪೇಟೆಯ ಒಂದು ದಿನಸಿ ಅಂಗಡಿಗೆ ಸೇರಿದವನು. ಯಜಮಾನರು ಬೀದಿ ಕಡೆ ಮುಖ ಮಾಡಿ ಗಲ್ಲಾದಲ್ಲಿ ಕೂರುತ್ತಿದ್ದರು. ಅವರೆದುರಿನ ಕಂಬಕ್ಕೆ ಒಂದು ಕನ್ನಡಿ ಕಟ್ಟಿತ್ತು. ಗಿರಾಕಿ ಜೊತೆ ಮಾತಾಡುತ್ತಲೇ ಹಿಂದೆ ನಾವು ತೂಗೋದು, ಪೊಟ್ಟಣ ಕಟ್ಟೋದು, ಬೆವರು ಒರೆಸಿಕೊಳ್ಳೋದು ಎಲ್ಲ ಅವರಿಗೆ ಕಾಣುತ್ತಿತ್ತು. ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡವನಿಗೆ ನಾಲ್ಕು ಜನರ ಮುಂದೆ ಬೈಗುಳ. ಸ್ವಲ್ಪ ದಿನಕ್ಕೆ ನಾವೂ ಕಲಿತೆವು: ಕನ್ನಡಿಗೆ ಕಾಣೋ ಜಾಗದಲ್ಲಿ ಮೈ ಬಗ್ಗಿಸಿ ಕೆಲಸ, ಕಾಣದ ಮೂಲೆಯಲ್ಲಿ ಹರಟೆ.

ಒಂದು ವರ್ಷ ಅಕ್ಕಿ ಮೂಟೆ ಲೆಕ್ಕಕ್ಕೆ ಕಮ್ಮಿ ಬಂತು. ಯಜಮಾನರ ಅನುಮಾನ ನಮ್ಮ ಮೇಲೇ. ನನ್ನ ಜೊತೆಗಾರ ಒಬ್ಬನ ಸಂಬಳ ಹಿಡಿದರು, ಅವನು ಅಳುತ್ತಾ ಊರಿಗೆ ಹೊರಟುಹೋದ. ಆಮೇಲೆ ಗೊತ್ತಾಯಿತು: ಮೂಟೆಗಳು ಹಿಂದಿನ ಓಣಿ ಬಾಗಿಲಿಂದ, ಯಜಮಾನರು ಕಣ್ಮುಚ್ಚಿ ನಂಬಿದ್ದ ಗಾಡಿಯವನ ಗಾಡಿಯಲ್ಲೇ ಹೋಗುತ್ತಿದ್ದವು. ಆ ಬಾಗಿಲಿಗೆ ನೆಟ್ಟಗೆ ಒಂದು ಚಿಲಕವೂ ಇರಲಿಲ್ಲ. ಹೋದ ಹುಡುಗನನ್ನು ಯಾರೂ ವಾಪಸ್ ಕರೆಯಲಿಲ್ಲ.

ಮುಂದೆ ನಿಮ್ಮಪ್ಪನೂ ನಾನೂ ಆಲೆಮನೆ ಹಾಕಿದಾಗ ಅಚ್ಚುಗಳನ್ನು ಕೆಲಸದವರ ಎದುರೇ ಎಣಿಸಿ, ಎದುರೇ ಬರೆಯುತ್ತಿದ್ದೆವು. ವಾರಕ್ಕೊಮ್ಮೆ ಮನೆಗೆ ಒಯ್ಯಲು ನಾವೇ ಬೆಲ್ಲ ಕೊಡುತ್ತಿದ್ದೆವು. ದಾರಿಯಲ್ಲಿ ಹೋಗುವವರು ಒಂದು ಜಲ್ಲೆ ಮುರಿದುಕೊಂಡರೆ ನಮ್ಮ ಕಡೆ ಅದನ್ನು ಕಳ್ಳತನ ಅನ್ನುತ್ತಿರಲಿಲ್ಲ. ಮೋಟಾರಿನ ಕೇಬಲ್ ಕಿತ್ತುಕೊಂಡು ಹೋದರೆ ಮಾತ್ರ ಪೊಲೀಸರ ಹತ್ತಿರ ಹೋಗುತ್ತಿದ್ದೆವು. ಯಾವುದು ಕಳ್ಳತನ, ಯಾವುದು ಅಲ್ಲ ಅನ್ನೋದು ನಿನಗೆ ಮೊದಲು ತಿಳಿದಿರಬೇಕು. ಅದನ್ನು ಕ್ಯಾಮೆರಾ ಹೇಳಿಕೊಡೋದಿಲ್ಲ.

ಹಾಗಂತ ಕ್ಯಾಮೆರಾನೇ ಬೇಡ ಅಂತಿಲ್ಲ. ಎರಡೂ ಕಡೆಯದ್ದನ್ನು ಹೇಳುತ್ತೇನೆ, ತೀರ್ಮಾನ ನಿನ್ನದು. ವೈಫೈ ಕ್ಯಾಮೆರಾ ಅಗ್ಗ, ಗೋಡೆ ಕೊರೆಯುವ ಕೆಲಸವೂ ಕಮ್ಮಿ. ತೋಟದ ಪಂಪ್‌ಸೆಟ್ಟಿಗಾದರೆ ಸೋಲಾರು, ಸಿಮ್ಮು ಇರೋದೇ ಸರಿ. ಅಂಗಡಿಗೆ ಮಾತ್ರ ವೈರು ಎಳೆಸು, ರೆಕಾರ್ಡರನ್ನು ಒಳಕೋಣೆಯಲ್ಲಿಟ್ಟು ಬೀಗ ಹಾಕು. ಕರೆಂಟು ಹೋದಾಗ ಕೈಕೊಡೋ ಕ್ಯಾಮೆರಾ ಇಟ್ಟುಕೊಂಡು ಪೂಜೆ ಮಾಡುತ್ತೀಯಾ? ಒಂದು ಯುಪಿಎಸ್ ತಗೋ.

ನಾಲ್ಕು ಸಾಕು. ಒಂದು ಗಲ್ಲಾಕ್ಕೆ, ಒಂದು ಮುಂಬಾಗಿಲಿಗೆ, ಒಂದು ಗೋದಾಮಿನ ಬಾಗಿಲಿಗೆ, ಒಂದು ಲೋಡ್ ಇಳಿಸುವ ಜಾಗಕ್ಕೆ. ಅಂಗಡಿಯೊಳಗೆ 2.8 ಎಂಎಂ ಲೆನ್ಸ್ ಇರಲಿ, ಅಗಲವಾಗಿ ಹಿಡಿಯುತ್ತದೆ. ಗೋದಾಮಿನ ಬಾಗಿಲು ದೂರವಿದ್ದರೆ 6 ಎಂಎಂ ಹಾಕಿಸು, ಇಲ್ಲದಿದ್ದರೆ ಮುಖ ಬೇಳೆಕಾಳಿನಷ್ಟೇ ಕಾಣುತ್ತದೆ. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ದೀಪದ ಮುಂದೆ ಜೇಡ ಬಲೆ ಕಟ್ಟಿದರೆ ಪರದೆ ತುಂಬಾ ಬಿಳುಪು. ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರು ಓಡಾಡುವ ಕಾಲದಲ್ಲಿ ಧೂಳು ಬೇರೆ. ಆಗಾಗ ಒರೆಸಬೇಕು.

ಹಾರ್ಡ್ ಡಿಸ್ಕಿನಲ್ಲಿ ಜುಗ್ಗತನ ಬೇಡ. 2 ಮೆಗಾಪಿಕ್ಸೆಲ್ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬರೆದರೆ ದಿನಕ್ಕೆ ಸುಮಾರು 21.6 ಜಿಬಿ. ನಾಲ್ಕಕ್ಕೆ 86. ಒಂದು ಟಿಬಿ ಡಿಸ್ಕು ಹನ್ನೊಂದು ದಿನಕ್ಕೆ ತುಂಬಿ ಹಳೆಯದನ್ನು ಅಳಿಸುತ್ತದೆ. ನಿನಗೆ ಸರಕು ಕಮ್ಮಿಯಾದದ್ದು ಗೊತ್ತಾಗೋದು ತಿಂಗಳ ಕೊನೆಯ ಲೆಕ್ಕದಲ್ಲಿ! ಏಕಕಾಲಕ್ಕೆ ನೂರು ಜನ ಸೇರುವ, ಇಲ್ಲವೇ ದಿನಕ್ಕೆ ಐನೂರು ಜನ ಬಂದುಹೋಗುವ ಜಾಗಗಳು 30 ದಿನದ ದೃಶ್ಯ ಇಟ್ಟುಕೊಳ್ಳಬೇಕು ಎನ್ನುತ್ತದೆ ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ. ನಿನ್ನ ಅಂಗಡಿ ಅಷ್ಟು ದೊಡ್ಡದಲ್ಲ, ಆದರೂ ಆ ಅಳತೆ ಒಳ್ಳೆಯದು. ಮೂರು ಟಿಬಿ ಬೇಕಾಗುತ್ತದೆ.

ಪಾಸ್‌ವರ್ಡು ಮೊದಲ ದಿನವೇ ಬದಲಿಸು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕಾರ್ಖಾನೆ ಇಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೆಕಾರ್ಡರುಗಳನ್ನು ಲಕ್ಷಗಟ್ಟಲೆ ವಶಪಡಿಸಿಕೊಂಡಿತ್ತು. ಗಂಟೆ, ತಾರೀಖು ಸರಿಯಿದೆಯೇ ನೋಡು. ನಾಳೆ ಕೇಸಾದರೆ ಪರದೆಯನ್ನು ಮೊಬೈಲಿನಲ್ಲಿ ಹಿಡಿದ ತುಣುಕು ನಂಬಿಕೊಳ್ಳಬೇಡ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ದೃಶ್ಯದ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ.

ಪಕ್ಕದ ಮನೆಯವರ ಹಿತ್ತಲಿಗೆ ತಿರುಗಿಸಬೇಕು ಅಂದುಕೊಂಡಿರೋ ಕ್ಯಾಮೆರಾ ಮಾತ್ರ ಬೇಡವೇ ಬೇಡ. ಆ ಮನೆ ಹೆಣ್ಣುಮಕ್ಕಳು ಬಚ್ಚಲಿಗೆ ಹೋಗುವ ದಾರಿ ಅದು, ನಿನಗೆ ಬುದ್ಧಿ ಬೇಡವಾ? ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತಲ್ಲ, ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಅದು ಆಧಾರಿನ ಬಗ್ಗೆ, ಸರ್ಕಾರದ ವಿರುದ್ಧ ಹಾಕಿದ ಕೇಸು ಅಂತ ವಾದಕ್ಕೆ ನಿಲ್ಲಬೇಡ. ನೆರೆಯವರ ಮಾನ ಕಾಯೋಕೆ ಕೋರ್ಟಿನ ಆರ್ಡರು ಬೇಕೇನೋ?

ಬೈದೆ ಅಂತ ಮುನಿಸಿಕೊಳ್ಳಬೇಡ ಮಗಾ. ಸಾಲ ಮಾಡಿ ಸರಕು ತುಂಬಿಸಿದ್ದೀಯ, ರಾತ್ರಿ ನಿದ್ದೆ ಬಾರದಿರೋದು ನನಗೂ ಗೊತ್ತು. ಕ್ಯಾಮೆರಾ ಹಾಕಿಸುವ ಮುಂಚೆ ಹುಡುಗರನ್ನು ಕೂರಿಸಿಕೊಂಡು ಎಲ್ಲೆಲ್ಲಿ, ಯಾಕೆ ಅಂತ ನೀನೇ ಹೇಳು, ರೆಕಾರ್ಡಾದದ್ದನ್ನು ಒಮ್ಮೆ ಅವರಿಗೂ ತೋರಿಸು. ಮೂಟೆ ಕಮ್ಮಿ ಬಂದ ದಿನ, ನಾನಲ್ಲ ಅಂತ ತೋರಿಸಿಕೊಳ್ಳೋಕೆ ಅವರಿಗೂ ಅದೇ ಆಧಾರ. ವೈರು ಎಳೆಯೋ ದಿನ ಫೋನು ಮಾಡು, ಜಾಗ ಗೊತ್ತುಮಾಡಲು ನಾನೂ ಬಂದು ನಿಲ್ಲುತ್ತೇನೆ.

ಇಂತಿ ನಿನ್ನ ದೊಡ್ಡಪ್ಪ